ಕಲ್ಕತ್ತಾ ಬೆಳ್ಳಿ, ಸ್ಕಾಟ್ಲೆಂಡ್ ಬೀದಿ: ನಮ್ಮ ಬಳಗದ ಗುಂಪಿನಲ್ಲಿ ಒಂದು ಜಗಳ

ಗುಂಪು: ದೊಡ್ಡಮನೆ ಬಳಗ

ಚಿಕ್ಕಪ್ಪ (ಫಾರ್ವರ್ಡ್): ಬ್ರಿಟಿಷರು ನಮ್ಮ ಬೆಳ್ಳಿ ರೂಪಾಯಿಗಳನ್ನು ಕದ್ದು ಕರಗಿಸಿ ಕಪ್ ಮಾಡಿಕೊಂಡರು. ಆಮೇಲೆ ಕುಡಿದು ಅದನ್ನೇ ಬೀದಿಯಲ್ಲಿ ಒದ್ದು ಆಡಿದರು! ಒದ್ದವನು ಸ್ಕಾಟ್ಲೆಂಡಿನ ರಗ್ಬಿ ಆಟಗಾರ ಜಾನ್ ಜೆಫ್ರಿ. ಅವನನ್ನೇ ಮುಂದೆ ರಗ್ಬಿ ಸಂಸ್ಥೆಗೆ ಅಧ್ಯಕ್ಷ ಮಾಡಿದರು. ರಕ್ತ ಕುದಿಯುತ್ತಿದ್ದರೆ ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ನೋಡಿ ಇವರ ಸಂಸ್ಕೃತಿ.

ಅತ್ತೆ: ಚಿಕ್ಕಣ್ಣ, ಬೆಳಗ್ಗೆ ಆರು ಗಂಟೆಗೆ ರಕ್ತ ಯಾಕೆ ಕುದಿಸ್ತೀಯ? ಬಿಪಿ ಮಾತ್ರೆ ತಗೊಂಡ್ಯಾ?

ತಮ್ಮ: ಒದ್ದಿದ್ದು ನಿಜ ಚಿಕ್ಕಪ್ಪ. ಕದ್ದಿದ್ದು ಮಾತ್ರ ಸುಳ್ಳು.

ಚಿಕ್ಕಪ್ಪ: ನೀನು ಯಾವಾಗ ರಗ್ಬಿ ನೋಡಿದ್ದೆ?

ತಮ್ಮ: ಅಕ್ಕ ಎಡಿನ್‌ಬರೋಗೆ ಹೋದಮೇಲೆ. ಅವಳು ಏಳಲಿ, ಹೇಳ್ತಾಳೆ.

ದೊಡ್ಡಪ್ಪ: ಕಲ್ಕತ್ತಾ ಕಪ್ ವಿಷಯ ತಾನೇ? ಅದರಲ್ಲಿ ನನಗೆ ಬ್ಯಾಂಕಿನ ಭಾಗ ಗೊತ್ತು. 1873ರಲ್ಲಿ ಕಲ್ಕತ್ತಾದಲ್ಲಿದ್ದ ಬ್ರಿಟಿಷರು ಒಂದು ರಗ್ಬಿ ಕ್ಲಬ್ ಕಟ್ಟಿದರು. ಮೊದಮೊದಲು ಜನ ಚೆನ್ನಾಗಿ ಬರ್ತಿದ್ದರು, ಯಾಕೆಂದರೆ ಕುಡಿಯೋದು ಬಿಟ್ಟಿ. ಬಿಟ್ಟಿ ನಿಂತಿತು, ಸದಸ್ಯರೂ ಕರಗಿದರು. ಆ ಸೆಕೆಯಲ್ಲಿ ರಗ್ಬಿಗಿಂತ ಪೋಲೋ ವಾಸಿ ಅನ್ನಿಸಿತು. ಕ್ಲಬ್ ಮುಚ್ಚುವಾಗ ಖಾತೆಯಲ್ಲಿದ್ದ ದುಡ್ಡನ್ನೆಲ್ಲ ಬೆಳ್ಳಿ ರೂಪಾಯಿಯಾಗಿಯೇ ತೆಗೆದು, ಕರಗಿಸಿ, ಕಪ್ ಮಾಡಿಸಿ 1878ರಲ್ಲಿ ಇಂಗ್ಲೆಂಡಿನ ರಗ್ಬಿ ಯೂನಿಯನ್‌ಗೆ ಕೊಟ್ಟರು. 1879ರಿಂದ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಅದಕ್ಕಾಗಿ ಆಡ್ತಿವೆ. ಖಾತೆ ಮುಚ್ಚೋಕೆ ಇದಕ್ಕಿಂತ ಅಚ್ಚುಕಟ್ಟಾದ ದಾರಿ ನಾನಂತೂ ಕಂಡಿಲ್ಲ.

ಚಿಕ್ಕಪ್ಪ: ಅಂದರೆ ಕದ್ದಿಲ್ಲ ಅಂತೀಯ ಅಣ್ಣ?

ದೊಡ್ಡಪ್ಪ: ಖಾತೆ ಅವರದ್ದೇ. ಆದರೆ ಆ ಸಂಬಳ, ಆ ಲಾಭ ಎಲ್ಲಿಂದ ಬಂತು ಅಂತ ಕೇಳಿದರೆ ಲೆಕ್ಕ ಬೇರೆ. ಅದನ್ನ ಯಾವ ಪಾಸ್‌ಬುಕ್ಕೂ ಬರೆಯಲ್ಲ.

ಅಕ್ಕ (ಎಡಿನ್‌ಬರೋ): ಈಗ ಎದ್ದೆ. ಇಷ್ಟೊಂದು ಮೆಸೇಜ್ ನೋಡಿ ಯಾರಿಗೋ ಏನೋ ಆಯ್ತು ಅಂತ ಹೆದರಿದೆ.

ಅಕ್ಕ: ಚಿಕ್ಕಪ್ಪ, ಘಟನೆ ನಡೆದದ್ದು 1988ರ ಮಾರ್ಚ್‌ನಲ್ಲಿ. ಮರ‍್ರೇಫೀಲ್ಡ್ ಮೈದಾನದಲ್ಲಿ ಇಂಗ್ಲೆಂಡ್ 9-6ರಿಂದ ಗೆದ್ದಿತ್ತು. ಒಂದೇ ಒಂದು ಟ್ರೈ (ಎದುರಾಳಿಯ ಗೆರೆ ದಾಟಿ ಚೆಂಡನ್ನ ನೆಲಕ್ಕೆ ಒತ್ತೋದು) ಇಲ್ಲದ ಸಪ್ಪೆ ಪಂದ್ಯ. ರಾತ್ರಿ ಊಟ, ಕುಡಿತ ಎಲ್ಲ ಮುಗಿದ ಮೇಲೆ ಜೆಫ್ರಿ ಮತ್ತು ಇಂಗ್ಲೆಂಡಿನ ಡೀನ್ ರಿಚರ್ಡ್ಸ್ ಕಪ್ ಎತ್ತಿಕೊಂಡು ಹೊರಗೆ ಹೊರಟರು. ಇಲ್ಲಿನ ಮುಖ್ಯ ಬೀದಿ ಪ್ರಿನ್ಸಸ್ ಸ್ಟ್ರೀಟ್‌ನಲ್ಲಿ ಅದನ್ನ ಚೆಂಡು ಮಾಡಿಕೊಂಡರು. ಬೆಳಗ್ಗೆ ನೋಡಿದರೆ ಕಪ್ ನಜ್ಜುಗುಜ್ಜು. ಅಂದರೆ ಒದ್ದವರು ಇಬ್ಬರು. ನಿಮ್ಮ ಫಾರ್ವರ್ಡ್‌ನಲ್ಲಿ ಒಬ್ಬರ ಹೆಸರಷ್ಟೇ ಇದೆ.

ಅತ್ತೆ: ಅಯ್ಯೋ! ನಮ್ಮ ಬೆಳ್ಳಿ ಕುಂಕುಮದ ಭರಣಿ ಒಂದು ಸಲ ಕೆಳಗೆ ಬಿದ್ದು ತಗ್ಗಾಗಿದ್ದಕ್ಕೆ ಅಜ್ಜಿ ತಿಂಗಳಾನುಗಟ್ಟಲೆ ಮಾತು ಬಿಟ್ಟಿದ್ದರು.

ಅಕ್ಕ: ಅತ್ತೆ, ಆ ಕಪ್ ನಿಮಗೆ ಇಷ್ಟ ಆಗುತ್ತೆ. ಮೂರು ಹಿಡಿ, ಮೂರೂ ಹೆಡೆ ಎತ್ತಿದ ನಾಗರಹಾವು. ಮುಚ್ಚಳದ ಮೇಲೆ ಒಂದು ಪುಟ್ಟ ಆನೆ. ಮೈಮೇಲೆಲ್ಲ ಸಣ್ಣ ಕೆತ್ತನೆ ಕೆಲಸ. ನಮ್ಮ ಕಡೆಯ ಅಕ್ಕಸಾಲಿಗರ ಕೈ ಅಂತ ನೋಡಿದರೆ ಗೊತ್ತಾಗುತ್ತೆ.

ಚಿಕ್ಕಪ್ಪ: ನಾಗರಹಾವನ್ನ ಒದ್ದಿದ್ದಾನೆ! ಇನ್ನೇನು ಬೇಕು?

ತಮ್ಮ: ಅವರಿಗೆ ನಾಗದೋಷ ತಗುಲಿತೋ ಇಲ್ವೋ, ಶಿಕ್ಷೆ ಅಂತೂ ಆಯ್ತು. ಜೆಫ್ರಿಗೆ ಸ್ಕಾಟ್ಲೆಂಡ್ ಕೊಟ್ಟಿದ್ದು 6 ತಿಂಗಳ ನಿಷೇಧ. ರಿಚರ್ಡ್ಸ್‌ಗೆ ಇಂಗ್ಲೆಂಡ್ ಕೊಟ್ಟಿದ್ದು 1 ಪಂದ್ಯ.

ಅತ್ತೆ: ಇಬ್ಬರೂ ಸೇರಿ ಮಾಡಿದ್ದಕ್ಕೆ ಒಬ್ಬನಿಗೆ ಆರು ತಿಂಗಳು, ಇನ್ನೊಬ್ಬನಿಗೆ ಒಂದು ಮ್ಯಾಚಾ? ಇದ್ಯಾವ ನ್ಯಾಯ?

ದೊಡ್ಡಪ್ಪ: ಆರು ತಿಂಗಳು ಅಂದರೆ ಮಾರ್ಚ್‌ನಿಂದ ಸೆಪ್ಟೆಂಬರ್. ಅಲ್ಲಿ ಬೇಸಿಗೆಯಲ್ಲಿ ರಗ್ಬಿ ಇರಲ್ಲ ತಾನೇ? ಕಾಗದದ ಮೇಲೆ ದೊಡ್ಡದಾಗಿ ಕಾಣುವ ಶಿಕ್ಷೆ ಅಷ್ಟೇ.

ಅಕ್ಕ: ದೊಡ್ಡಪ್ಪ, ಜೆಫ್ರಿ ಕೆಲ್ಸೋ ಊರಿನ ರೈತ. ಇಂಗ್ಲೆಂಡಿನ ಗಡಿಗೆ ತಾಗಿದ ಬಾರ್ಡರ್ಸ್ ಸೀಮೆ ಅದು. ಅಲ್ಲಿ ಏಪ್ರಿಲ್ ಬಂತು ಅಂದರೆ ಊರೂರಲ್ಲಿ ಸೆವೆನ್ಸ್. ತಂಡಕ್ಕೆ ಏಳೇ ಜನ ಆಡುವ ಆ ಆಟ ಹುಟ್ಟಿದ್ದೇ ಪಕ್ಕದ ಮೆಲ್‌ರೋಸ್‌ನಲ್ಲಿ, 1883ರಲ್ಲಿ. ಆ ಸೀಮೆಯವನನ್ನ ಏಪ್ರಿಲ್‌ನಲ್ಲಿ ಮನೇಲಿ ಕೂರಿಸೋದು ಸಣ್ಣ ಶಿಕ್ಷೆ ಅಲ್ಲ. ಆಗ ಆಡಿದ್ದಕ್ಕೆ ದುಡ್ಡೂ ಇರಲಿಲ್ಲ, ರಗ್ಬಿ ಯೂನಿಯನ್ ಅನ್ನೋ ಈ ಬಗೆಯ ಆಟದಲ್ಲಿ ಸಂಬಳ ಬಂದಿದ್ದು 1995ರಿಂದ. ಮರ್ಯಾದೆಗೆ ಆಡ್ತಿದ್ದರು, ಹೋಗಿದ್ದೂ ಮರ್ಯಾದೆಯೇ.

ಚಿಕ್ಕಪ್ಪ: ಮರ್ಯಾದೆ ಇದ್ದವನು ಒದೀತಿದ್ನಾ?

ನಾನು: ಚಿಕ್ಕಪ್ಪ, ಒಂದು ರಾತ್ರಿ ಬಿಟ್ಟು ಉಳಿದದ್ದನ್ನೂ ನೋಡೋಣ. ಜೆಫ್ರಿ ಸ್ಕಾಟ್ಲೆಂಡ್‌ಗೆ ಮೊದಲು ಆಡಿದ್ದು 1984ರಲ್ಲಿ, ಆಸ್ಟ್ರೇಲಿಯಾ ಎದುರು. ಕೊನೆಯದು 1991ರ ವಿಶ್ವಕಪ್‌ನಲ್ಲಿ. ಒಟ್ಟು 40 ಪಂದ್ಯ. ಫ್ಲ್ಯಾಂಕರ್ ಜಾಗ. ಯಾರಾದರೂ ಬಿದ್ದರೆ ಚೆಂಡಿನ ಮೇಲೆ ಮೊದಲು ಹೋಗಿ ಬೀಳಬೇಕು, ಎದುರಾಳಿಯನ್ನ ಕೆಡವಬೇಕು, ಎದ್ದು ಮತ್ತೆ ಓಡಬೇಕು. ಬಿಳಿ ಕೂದಲು, ಎಲ್ಲಿದ್ದರೂ ಎದ್ದು ಕಾಣೋದು. ಅದಕ್ಕೇ ವೈಟ್ ಶಾರ್ಕ್ ಅಂತ ಕರೀತಿದ್ದರು. ನಿಷೇಧ ಆದವನನ್ನ ಸ್ಕಾಟ್ಲೆಂಡ್ ಮತ್ತೆ ಕರೆದದ್ದು ಸುಮ್ನೆ ಅಲ್ಲ.

ತಮ್ಮ: 1990 ಹೇಳು, 1990!

ಅಕ್ಕ: ಅದನ್ನ ನಾನು ಹೇಳ್ತೀನಿ. ಇಲ್ಲಿ ಆ ವಯಸ್ಸಿನವರು ಯಾರೇ ಸಿಕ್ಕಲಿ, ಅದನ್ನೇ ಹೇಳ್ತಾರೆ. ಮಾರ್ಚ್ 17, ಮರ‍್ರೇಫೀಲ್ಡ್. ಆ ವರ್ಷದ ಐದು ದೇಶಗಳ ಪಂದ್ಯಾವಳಿಯಲ್ಲಿ ಎರಡೂ ತಂಡ ಅದುವರೆಗೆ ಎಲ್ಲ ಪಂದ್ಯ ಗೆದ್ದಿದ್ದವು. ಎಲ್ಲರನ್ನೂ ಸೋಲಿಸಿದವರಿಗೆ ಸಿಗುವ ಗ್ರ್ಯಾಂಡ್ ಸ್ಲ್ಯಾಮ್, ಬ್ರಿಟನ್-ಐರ್ಲೆಂಡಿನ ಉಳಿದ ಮೂವರನ್ನ ಸೋಲಿಸಿದವರಿಗೆ ಸಿಗುವ ಟ್ರಿಪಲ್ ಕ್ರೌನ್, ಚಾಂಪಿಯನ್‌ಶಿಪ್, ಜೊತೆಗೆ ಇದೇ ಕಲ್ಕತ್ತಾ ಕಪ್, ಎಲ್ಲ ಒಂದೇ ಮಧ್ಯಾಹ್ನಕ್ಕೆ. ಇಂಗ್ಲೆಂಡೇ ಗೆಲ್ಲೋದು ಅಂತ ಎಲ್ಲರ ಲೆಕ್ಕ. ಸ್ಕಾಟ್ಲೆಂಡ್ ನಾಯಕ ಡೇವಿಡ್ ಸೋಲ್ ತಂಡವನ್ನ ಓಡಿಸದೆ ನಿಧಾನಕ್ಕೆ ನಡೆಸಿಕೊಂಡು ಮೈದಾನಕ್ಕೆ ಬಂದ. ಎರಡನೇ ಅರ್ಧ ಶುರುವಾಗುತ್ತಿದ್ದಂತೆ, ಎರಡೂ ತಂಡದವರು ತಲೆ ತಗ್ಗಿಸಿ ಒಬ್ಬರನ್ನೊಬ್ಬರು ತಳ್ಳುವ ಸ್ಕ್ರಮ್‌ನ ಹಿಂದಿನಿಂದ ಚೆಂಡು ಎತ್ತಿಕೊಂಡು ನುಗ್ಗಿದ್ದು ಜೆಫ್ರಿ. ಅಲ್ಲಿಂದ ಗ್ಯಾರಿ ಆರ್ಮ್‌ಸ್ಟ್ರಾಂಗ್, ಅಲ್ಲಿಂದ ಗ್ಯಾವಿನ್ ಹೇಸ್ಟಿಂಗ್ಸ್. ಹೇಸ್ಟಿಂಗ್ಸ್ ಮುಂದಕ್ಕೆ ಒದ್ದ ಚೆಂಡನ್ನ ಟೋನಿ ಸ್ಟ್ಯಾಂಗರ್ ಹಾರಿ ಹಿಡಿದು ನೆಲಕ್ಕೆ ಒತ್ತಿದ. 13-7. ಎರಡು ವರ್ಷದ ಹಿಂದೆ ನಜ್ಜುಗುಜ್ಜಾಗಿದ್ದ ಕಪ್ ಆವತ್ತು ಅವರ ಪಾಲಾಯ್ತು.

ಚಿಕ್ಕಪ್ಪ: ಆಟ ಚೆನ್ನಾಗಿ ಆಡಿದರೆ ತಪ್ಪು ಮಾಫಿಯಾ? ಆಮೇಲೆ ಕುರ್ಚಿ ಕೊಟ್ಟಿದ್ದು ಯಾಕೆ?

ಅಕ್ಕ: ಕುರ್ಚಿ ಮಾರನೇ ದಿನ ಕೊಡಲಿಲ್ಲ ಚಿಕ್ಕಪ್ಪ. ಸ್ಕಾಟಿಷ್ ರಗ್ಬಿಯ ಅಧ್ಯಕ್ಷ ಆಗಿದ್ದು ಮೂರು ದಶಕ ಕಳೆದ ಮೇಲೆ. ಆಮೇಲೆ ಆಟದ ಜಾಗತಿಕ ಸಂಸ್ಥೆ ವರ್ಲ್ಡ್ ರಗ್ಬಿಯಲ್ಲಿ ಉಪಾಧ್ಯಕ್ಷ. 2024ರಲ್ಲಿ ಅಲ್ಲಿನ ಅಧ್ಯಕ್ಷ ಸ್ಥಾನಕ್ಕೂ ನಿಂತಿದ್ದರು. ಆದರೆ ಅವರದೇ ಸ್ಕಾಟ್ಲೆಂಡ್ ಬೆಂಬಲ ವಾಪಸ್ ತಗೊಂಡಿತು.

ಚಿಕ್ಕಪ್ಪ: ನೋಡಿದ್ರಾ! ಕಪ್‌ನ ಶಾಪ.

ಅಕ್ಕ: ಕಪ್‌ಗೂ ಅದಕ್ಕೂ ಸಂಬಂಧ ಇಲ್ಲ. ಅದು ಆಡಳಿತದೊಳಗಿನ ಲೆಕ್ಕಾಚಾರ.

ದೊಡ್ಡಪ್ಪ: ನನ್ನ ತಕರಾರು ಇಷ್ಟೇ. ಇಬ್ಬರೂ ಬೇಕೆಂದು ಅವಮಾನ ಮಾಡಲಿಲ್ಲ, ಸರಿ. ಆದರೆ ಅವರಿಗೆ ಅದು ಬರೀ ಒಂದು ಕಪ್. ಅದು ಎಲ್ಲಿಂದ ಬಂತು ಅಂತ ಆ ರಾತ್ರಿ ಅವರಿಗೆ ನೆನಪೂ ಇರಲಿಲ್ಲ.

ನಾನು: ನಮಗೂ ಎಲ್ಲಿ ನೆನಪಿತ್ತು ದೊಡ್ಡಪ್ಪ? ಈ ಗುಂಪಿನಲ್ಲಿ ಎಷ್ಟು ಜನಕ್ಕೆ ಇಂಥ ಕಪ್ ಇದೆ ಅಂತ ನಿನ್ನೆ ಗೊತ್ತಿತ್ತು?

ಅತ್ತೆ: ನನಗಂತೂ ಇಲ್ಲ. ಅಂದಹಾಗೆ ಆ ಇನ್ನೊಬ್ಬ ಏನಾದ? ಒಂದೇ ಮ್ಯಾಚ್‌ನಲ್ಲಿ ಬಚಾವಾದವನು?

ತಮ್ಮ: ರಿಚರ್ಡ್ಸ್ ಆಗ ಪೊಲೀಸ್ ಕಾನ್‌ಸ್ಟೆಬಲ್ ಅತ್ತೆ!

ಚಿಕ್ಕಪ್ಪ: ಏನು? ಪೊಲೀಸ್?

ತಮ್ಮ: ಹೂಂ. ಮುಂದೆ ಲಂಡನ್ನಿನ ಹಾರ್ಲೆಕ್ವಿನ್ಸ್ ಕ್ಲಬ್‌ನಲ್ಲಿ ತಂಡದ ಹೊಣೆ ಹೊತ್ತ. 2009ರಲ್ಲಿ ಒಬ್ಬ ಆಟಗಾರನ ಬಾಯಲ್ಲಿ ನಕಲಿ ರಕ್ತದ ಕ್ಯಾಪ್ಸೂಲ್ ಒಡೆಸಿ, ಗಾಯ ಆಯ್ತು ಅಂತ ನಾಟಕ ಮಾಡಿ, ಬೇರೆ ಆಟಗಾರನನ್ನ ಇಳಿಸಿದ ಹಗರಣ ಆಯ್ತು. ರಿಚರ್ಡ್ಸ್‌ಗೆ 3 ವರ್ಷ ನಿಷೇಧ.

ಚಿಕ್ಕಪ್ಪ: ಇದನ್ನ ಮೊದಲೇ ಹೇಳಬಾರದಾ! ಆ ರೈತನ ಹೆಸರು ಹಾಕಿ ಸುಮ್ನೆ ಬೈಸ್ತಿದಾರೆ. ವಾಕಿಂಗ್ ಗ್ರೂಪ್‌ಗೆ ಈಗಲೇ ಬರೀತೀನಿ. ಆ ಪೊಲೀಸಪ್ಪನ ಹೆಸರಿನ ಸ್ಪೆಲ್ಲಿಂಗ್ ಕಳಿಸು.

ಅತ್ತೆ: ಮೊದಲು ಮಾತ್ರೆ ತಗೋ ಚಿಕ್ಕಣ್ಣ.