ಮಸಲ್ ಕಾರ್‌ಗಳು ಮತ್ತೆ ಎದ್ದು ಬಂದದ್ದು ಹೇಗೆ? ಬರೀ ಹಳೇ ನೆನಪಿನ ವ್ಯಾಪಾರನಾ?

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಪ್ಪನ ಮಗ ಅಮೆರಿಕದ ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದಾನೆ. ಮೊನ್ನೆ ಸೆಕೆಂಡ್ ಹ್ಯಾಂಡ್ ಡಾಡ್ಜ್ ಚಾಲೆಂಜರ್ ಅನ್ನೋ ಮಸಲ್ ಕಾರ್ (ದೊಡ್ಡ ಎಂಜಿನ್ನಿನ, ಜೋರಾಗಿ ಓಡೋ ಅಮೆರಿಕನ್ ಕಾರು) ತಗೊಂಡು ಫೋಟೋ ಕಳಿಸಿದ, ಅವತ್ತಿನಿಂದ ನನಗೆ ಅದೇ ಗುಂಗು. 1970ರ ಚಾಲೆಂಜರ್ ಫೋಟೋ ಪಕ್ಕದಲ್ಲಿಟ್ಟು ನೋಡಿದೆ. ಅದೇ ನಾಲ್ಕು ದುಂಡು ಹೆಡ್‌ಲೈಟ್, ಅದೇ ಉದ್ದ ಬಾನೆಟ್, ಹಿಂದಿನ ಚಕ್ರದ ಮೇಲೆ ಉಬ್ಬಿದ ಅದೇ ಭುಜ. ಮೂವತ್ತು ವರ್ಷ ಕಾಣದ ಕಾರನ್ನು ಮತ್ತೆ ಯಾಕೆ ತಂದರು? ಬರೀ ಹಳೇ ನೆನಪನ್ನು ಮಾರಿ ದುಡ್ಡು ಮಾಡ್ಕೊಂಡ್ರಾ? ಇನ್ನೊಂದು, ಅಣ್ಣ ವಾಪಸ್ ಬರುವಾಗ ಅದನ್ನು ಬಳ್ಳಾರಿಗೆ ತರಬಹುದಾ? ನಮ್ಮ ಬಿಸಿಲಿಗೆ ತಡೆಯುತ್ತಾ? ಗೊತ್ತಿದ್ದವರು ಹೇಳಿ.

ಕೊಪ್ಪಳದ ವಿ8

ತಮ್ಮಾ, ಮೊದಲು ಅವು ಸತ್ತದ್ದು ಯಾಕೆ ಅಂತ ನೋಡಬೇಕು, ಆಗ ಎದ್ದದ್ದು ಯಾಕೆ ಅಂತ ತಾನಾಗೇ ಗೊತ್ತಾಗುತ್ತೆ.

1964ರ ಏಪ್ರಿಲ್ 17ಕ್ಕೆ ಫೋರ್ಡ್ ಮಸ್ಟಾಂಗ್ ಬಂತು. ಆರಂಭದ ಬೆಲೆ 2,368 ಡಾಲರ್. ಮೈಮಾಟ ಸ್ಪೋರ್ಟ್ಸ್ ಕಾರಿನದು, ಕೆಳಗಿದ್ದದ್ದು ಮಾತ್ರ ಫಾಲ್ಕನ್ ಅನ್ನೋ ಸಾದಾ ಫ್ಯಾಮಿಲಿ ಕಾರಿನ ಸಾಮಾನು. ಅದಕ್ಕೇ ಅಗ್ಗ. ಅದೇ ಸುಮಾರಿಗೆ ಪಾಂಟಿಯಾಕ್‌ನವರು ನಡು ಸೈಜಿನ ಟೆಂಪೆಸ್ಟ್ ಕಾರಿಗೆ 6.4 ಲೀಟರಿನ ದೊಡ್ಡ ವಿ8 (ಎಂಟು ಸಿಲಿಂಡರಿನ) ಎಂಜಿನ್ ಇಳಿಸಿ ಜಿಟಿಒ ಅಂತ ಮಾರಿದರು. ಮಸ್ಟಾಂಗ್ ಥರದ್ದು ಪೋನಿ ಕಾರ್, ಜಿಟಿಒ ಥರದ್ದು ಮಸಲ್ ಕಾರ್. ಈಗ ಜನ ಎರಡನ್ನೂ ಸೇರಿಸಿ ಮಸಲ್ ಕಾರ್ ಅಂತಲೇ ಕರೀತಾರೆ, ಪರವಾಗಿಲ್ಲ. ಮುಖ್ಯ ಏನಂದ್ರೆ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೂ ಕಂತು ಕಟ್ಟಿ ತಗೊಳ್ಳೋ ಹಾಗಿತ್ತು. ಈ ಕಾರ್‌ಗಳ ಜೀವ ಇರೋದೇ ಅಲ್ಲಿ.

1970ರ ನಂತರ ಎಲ್ಲ ಕಡೆಯಿಂದ ಹೊಡೆತ ಬಿತ್ತು. ಹೊಗೆಯ ಕಾನೂನು ಬಿಗಿಯಾಯಿತು. ಸೀಸ ಇಲ್ಲದ ಪೆಟ್ರೋಲಿಗೆ ಹೊಂದಿಸಲು ಕಂಪ್ರೆಷನ್ (ಸಿಲಿಂಡರಿನೊಳಗೆ ಪೆಟ್ರೋಲ್-ಗಾಳಿ ಅದುಮುವ ಪ್ರಮಾಣ) ಇಳಿಸಿದರು, ಶಕ್ತಿ ಕುಗ್ಗಿತು. ಹರೆಯದವರಿಗೆ ಇನ್ಶೂರೆನ್ಸ್ ವಿಪರೀತ ಏರಿತು. ಅದರ ಮೇಲೆ 1973ರ ತೈಲ ಬಿಕ್ಕಟ್ಟು. ಅಮೆರಿಕದ 1974ರ ಮಸ್ಟಾಂಗ್‌ನಲ್ಲಿ ವಿ8 ಎಂಜಿನ್ನೇ ಇರಲಿಲ್ಲ ಅಂದ್ರೆ ಯೋಚನೆ ಮಾಡು. ಮರುವರ್ಷ ವಿ8 ವಾಪಸ್ ಬಂತು, ಆದ್ರೆ ಅದು 150 ಹಾರ್ಸ್‌ಪವರ್ ಕೂಡ ಮುಟ್ಟಲಿಲ್ಲ. ಹಳೇ ಚಾಲೆಂಜರ್ ನಿಂತದ್ದೂ 1974ರಲ್ಲೇ. ಶೆವರ್ಲೆ ಕಂಪನಿಯ ಕಮಾರೋ ಹೇಗೋ 2002ರವರೆಗೆ ಎಳೀತು.

ಎದ್ದು ಬಂದದ್ದು 2005ರ ಮಸ್ಟಾಂಗ್‌ನಿಂದ. ನೋಡೋಕೆ ಅರವತ್ತರ ದಶಕ. ಅದರ ಜಿಟಿ ಮಾಡೆಲ್‌ನಲ್ಲಿ 4.6 ಲೀಟರ್ ವಿ8, 300 ಹಾರ್ಸ್‌ಪವರ್. ವಿ6 ಮಾಡೆಲ್ 20 ಸಾವಿರ ಡಾಲರ್ ಒಳಗೇ ಸಿಗ್ತಿತ್ತು. ಅದು ಓಡಿದ್ದು ನೋಡಿ 2008ರಲ್ಲಿ ಚಾಲೆಂಜರ್ ಬಂತು, 2010ರ ಮಾಡೆಲ್ ಆಗಿ ಕಮಾರೋ ಬಂತು. ಕಮಾರೋದ ತಳಪಾಯ ರೂಪಿಸಿದ್ದು ಆಸ್ಟ್ರೇಲಿಯಾದ ಹೋಲ್ಡನ್ ಕಂಪನಿಯಲ್ಲಿ, ಜೋಡಿಸಿದ್ದು ಕೆನಡಾದಲ್ಲಿ. ಚಾಲೆಂಜರ್ ಕೂಡ ಕೆನಡಾದ್ದೇ!

ಬರೀ ನೆನಪು ಅಂದ್ರೆ ನಾನು ಒಪ್ಪಲ್ಲ. ಆ ಕಮಾರೋದ ವಿ6 ಎಂಜಿನ್ನೇ 304 ಹಾರ್ಸ್‌ಪವರ್ ಕೊಡ್ತಿತ್ತು. ಫ್ಯುಯೆಲ್ ಇಂಜೆಕ್ಷನ್, ಕಂಪ್ಯೂಟರ್, ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲ ಪಳಗಿದ ಮೇಲೆ ಹೊಗೆ ಕಡಿಮೆ ಮಾಡಿಯೂ ಶಕ್ತಿ ತೆಗೆಯೋಕೆ ಆಯ್ತು. 2015ರ ಚಾಲೆಂಜರ್ ಹೆಲ್‌ಕ್ಯಾಟ್ ಮಾಡೆಲ್ ಹೊತ್ತಿಗೆ 707 ಹಾರ್ಸ್‌ಪವರ್! ಆ ಎಂಜಿನಿಯರಿಂಗ್ ಇಲ್ಲದಿದ್ರೆ ಬರೀ ಚೆಂದದ ಮುಖ ನೋಡಿ ಜನ ಹದಿನೈದು ವರ್ಷ ಕೊಳ್ಳುತ್ತಿರಲಿಲ್ಲ.

ಲಿಂಗಸುಗೂರಿನಿಂದ ಮಿಷಿಗನ್‌ಗೆ

ಮೇಲಿನ ಅಣ್ಣನ ಮಾತು ಬಹುಪಾಲು ಸರಿ. ಆದ್ರೆ ನೆನಪಿನ ಪಾಲನ್ನು ಅಷ್ಟು ಸುಲಭಕ್ಕೆ ಬದಿಗಿಡಬೇಡಿ ಅಣ್ಣ. ಡೆಟ್ರಾಯಿಟ್ ಹತ್ತಿರ ವುಡ್‌ವರ್ಡ್ ರಸ್ತೆಯಲ್ಲಿ ಪ್ರತಿ ಆಗಸ್ಟ್‌ನಲ್ಲಿ ಹಳೇ ಕಾರ್‌ಗಳ ಜಾತ್ರೆಯೇ ನಡೆಯುತ್ತೆ, 1995ರಿಂದ ನಡೀತಾ ಇದೆ. ರಸ್ತೆ ಬದಿ ಕುರ್ಚಿ ಹಾಕ್ಕೊಂಡು ಕೂತವರನ್ನ ಮಾತಾಡಿಸಿ ನೋಡಿ. ಹರೆಯದಲ್ಲಿ ಆಸೆಪಟ್ಟು ಕೊಳ್ಳೋಕಾಗದೆ ಇದ್ದವರು, ಮಕ್ಕಳ ಓದು ಮುಗಿದ ಮೇಲೆ ಹೊಸ ಮಾಡೆಲ್ ತಗೊಂಡಿರ್ತಾರೆ. 1969ರ ಕಮಾರೋ ಪಕ್ಕ 2010ರ ಕಮಾರೋ ನಿಲ್ಲಿಸಿ, ಅಪ್ಪ ಒಂದರಲ್ಲಿ ಮಗ ಒಂದರಲ್ಲಿ ಕೂತಿರ್ತಾರೆ. ಆ ಸಂಭ್ರಮ ನೋಡಿದ್ರೆ ಕಣ್ಣು ತುಂಬುತ್ತೆ ನನಗೆ. ಇಲ್ಲಿ ಹಿಮ ಬಿದ್ದಾಗ ಎಂಜಿನ್ ಬಲ ಹಿಂದಿನ ಚಕ್ರಕ್ಕೆ ಹೋಗೋ ಈ ಗಾಡಿಗಳನ್ನ ಓಡಿಸೋದು ಕಷ್ಟ, ಆದ್ರೂ ಜನ ಶೆಡ್‌ನಲ್ಲಿ ಮುಚ್ಚಿಟ್ಟು ಕಾಪಾಡ್ತಾರೆ.

ಹೊಸಪೇಟೆ ರೋಡ್ ಗ್ಯಾರೇಜ್ (ಬಳ್ಳಾರಿ)

ತಮ್ಮಾ, ತರುವ ಆಸೆ ಬಿಡು. ಚಾಲೆಂಜರ್‌ನ ಫ್ಯಾಕ್ಟರಿಯಲ್ಲಿ ಬಲಗಡೆ ಸ್ಟೇರಿಂಗ್ ಹಾಕಿ ಮಾಡಿದ್ದೇ ಇಲ್ಲ. ಎಡಗಡೆ ಸ್ಟೇರಿಂಗ್‌ನ ಇಂಥ ಗಾಡಿ ತಂದು ನಮ್ಮ ಆರ್‌ಟಿಒದಲ್ಲಿ ನಂಬರ್ ಮಾಡಿಸ್ತೀನಿ ಅಂದ್ರೆ ಆಗೋ ಮಾತಲ್ಲ. ಬಲಗಡೆ ಸ್ಟೇರಿಂಗ್ ಫ್ಯಾಕ್ಟರಿಯಿಂದಲೇ ಬಂದದ್ದು ಮಸ್ಟಾಂಗ್‌ಗೆ, ಅದೂ 2015ರ ಮಾಡೆಲ್‌ನಿಂದ. ಅದಕ್ಕೇ ಅದು 2016ರಲ್ಲಿ ನಮ್ಮ ದೇಶಕ್ಕೂ ಬಂತು. ಆಗ 65 ಲಕ್ಷದ ಆಸುಪಾಸು ಇತ್ತು, ರೋಡ್ ಟ್ಯಾಕ್ಸ್ ಬೇರೆ. ಅಲ್ಲಿ ಸಂಬಳದವರು ಕೊಳ್ಳೋ ಕಾರು, ಇಲ್ಲಿಗೆ ಬರೋ ಹೊತ್ತಿಗೆ ಗಣಿ ಧಣಿಗಳ ಕಾರಾಯ್ತು. ನನಗೆ ಬೇಜಾರು ಅದೇ.

ಬಿಸಿಲಿಗೇನೂ ಹೆದರಬೇಡ, ಟೆಕ್ಸಾಸ್ ಬಿಸಿಲು ನಮ್ಮದಕ್ಕಿಂತ ಕಡಿಮೆ ಇಲ್ಲ. ಹೆದರಬೇಕಾದ್ದು ಧೂಳಿಗೆ ಮತ್ತು ಹಂಪ್‌ಗೆ. ಸಂಡೂರು, ತೋರಣಗಲ್ಲು ಕಡೆ ಓಡೋ ಗಾಡಿಯ ಏರ್ ಫಿಲ್ಟರ್ ಬಿಚ್ಚಿ ನೆಲಕ್ಕೆ ತಟ್ಟಿದ್ರೆ ಅದಿರಿನ ಪುಡಿ ಕುಂಕುಮದ ಹಾಗೆ ಉದುರುತ್ತೆ. ರೇಡಿಯೇಟರ್ ಎದುರಿನ ಜಾಲರಿಯಲ್ಲೂ ಅದೇ ಕಟ್ಟುತ್ತೆ, ಆಮೇಲೆ ಟೆಂಪರೇಚರ್ ಮುಳ್ಳು ಏರೋಕೆ ಶುರು. ಹಂಪ್ ಮೇಲೆ ಓರೆಯಾಗಿ ಹತ್ತಿಸದಿದ್ರೆ ಮುಂದಿನ ಬಂಪರ್ ತಳ ಕೆರೆಯುತ್ತೆ.

ಕೌಲ್‌ಬಜಾರ್ ಹುಡುಗ (ಬಳ್ಳಾರಿ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸರಿ, ತರೋದು ಬಿಟ್ಟೆ, ಅಲ್ಲೇ ಚೆನ್ನಾಗಿ ಇಟ್ಕೊಳ್ಳಲಿ. ಅಣ್ಣನದು 3.6 ಲೀಟರ್ ವಿ6. ವಿ8 ಅಲ್ಲ ಅಂತ ಅವನ ಗೆಳೆಯರು ರೇಗಿಸ್ತಾರಂತೆ. ಆ ಎಂಜಿನ್ ಹೇಗೆ? ಹೊಸದು ಸಿಗುತ್ತಾ ಇನ್ನೂ?

ಕೊಪ್ಪಳದ ವಿ8

ಹೊಸದು ಸಿಗಲ್ಲ. ಚಾಲೆಂಜರ್, ಕಮಾರೋ ಎರಡರ ತಯಾರಿಕೆಯೂ 2023ರ ಡಿಸೆಂಬರ್‌ನಲ್ಲಿ ನಿಂತಿತು. ಹೊಗೆ ಮತ್ತು ಮೈಲೇಜ್ ಕಾನೂನು, ಜೊತೆಗೆ ಜನ ಎಸ್‌ಯುವಿ ಕಡೆ ಹೋದದ್ದು. ಡಾಡ್ಜ್‌ನ ಹೊಸ ಚಾರ್ಜರ್ ಅನ್ನೋ ಕಾರು ಮೊದಲು ಬ್ಯಾಟರಿಯಲ್ಲಿ ಬಂತು, ಆಮೇಲೆ ಆರು ಸಿಲಿಂಡರಿನ ಟರ್ಬೋ ಎಂಜಿನ್‌ನಲ್ಲಿ. ಮಸ್ಟಾಂಗ್ ಒಂದೇ 5 ಲೀಟರ್ ವಿ8 ಹಿಡಿದು ಗಟ್ಟಿಯಾಗಿ ನಿಂತಿದೆ.

ಲಿಂಗಸುಗೂರಿನಿಂದ ಮಿಷಿಗನ್‌ಗೆ

ರೇಗಿಸೋರು ರೇಗಿಸಲಿ, 305 ಹಾರ್ಸ್‌ಪವರ್ ಕಡಿಮೆಯೇನಲ್ಲ. ಇಲ್ಲಿನ 87 ಆಕ್ಟೇನ್‌ನ ಸಾದಾ ಪೆಟ್ರೋಲ್ ಸಾಕು. ನಿಮ್ಮಣ್ಣನಿಗೆ ಎರಡು ಕಡೆ ಕಣ್ಣಿಡೋಕೆ ಹೇಳಿ. ಆಯಿಲ್ ಫಿಲ್ಟರ್ ಕೂರೋ ಪ್ಲಾಸ್ಟಿಕ್ ಹೌಸಿಂಗ್ ಎಂಜಿನ್‌ನ ನಡುವಿನ ಸಂದಿಯಲ್ಲಿ ಇರುತ್ತೆ, ಅಲ್ಲಿ ಆಯಿಲ್ ಜಿನುಗಿದ್ರೆ ಹೊರಗಿಂದ ಬೇಗ ಕಾಣಲ್ಲ. ಟಾರ್ಚ್ ಹಾಕಿ ನೋಡಬೇಕು, ಫಿಲ್ಟರ್ ಮುಚ್ಚಳ ಜಾಸ್ತಿ ಬಿಗಿಯಬಾರದು. ಎಂಜಿನ್ ಮೇಲ್ಗಡೆಯಿಂದ ಟಿಕ್ ಟಿಕ್ ಶಬ್ದ ಶುರುವಾಗಿ ನಿಲ್ಲದೇ ಇದ್ರೆ ರಾಕರ್ ಆರ್ಮ್ (ವಾಲ್ವ್ ತೆರೆಯೋ ಸಣ್ಣ ತೋಳು) ತೋರಿಸಲಿ, ತಡ ಮಾಡಿದ್ರೆ ಅದನ್ನ ಒತ್ತೋ ಕ್ಯಾಮ್ ಶಾಫ್ಟ್‌ಗೇ ಪೆಟ್ಟು.