ಕಿತ್ತಳೆ ಕ್ಯಾಂಡಿ ಪಾಕ ಸಕ್ಕರೆಯಾಗಿಬಿಟ್ಟಿದೆ, ಸರಿ ಮಾಡಬಹುದಾ?

ಪ್ರಶ್ನೆ:
ಈಗ ಕಿತ್ತಳೆ ಸೀಸನ್ ಅಲ್ವಾ, ಮಕ್ಕಳಿಗೆ ಅಂತ ಗಟ್ಟಿ ಕ್ಯಾಂಡಿ ಮಾಡಲು ಹೊರಟೆ. ಪಾಕ ಚೆನ್ನಾಗಿಯೇ ಕುದಿಯುತ್ತಿತ್ತು. ಇಳಿಸುವ ಹೊತ್ತಿಗೆ ಪಾತ್ರೆಯ ಅಂಚಿನಲ್ಲಿ ಬೆಳ್ಳಗೆ ಹರಳು ಕಾಣಿಸಿತು. ನೋಡನೋಡುತ್ತಲೇ ಪೂರ್ತಿ ಸಕ್ಕರೆ ಗಟ್ಟಿ! ಬಿಸಾಡಲು ಮನಸ್ಸೇ ಬರುತ್ತಿಲ್ಲ. ಏನು ಮಾಡಲಿ?

ಉತ್ತರ 1:
ಬಿಸಾಡಬೇಡಿ, ಖಂಡಿತ ಸರಿಯಾಗುತ್ತದೆ. ಒಂದು ಲೋಟ ನೀರು ಹಾಕಿ ಸಣ್ಣ ಉರಿಯಲ್ಲಿ ಕರಗಿಸಿ. ಒಂದು ಹರಳೂ ಉಳಿಯಬಾರದು. ಉಳಿದರೆ ಅದನ್ನೇ ಹಿಡಿದುಕೊಂಡು ಉಳಿದ ಪಾಕವೂ ಹರಳುಗಟ್ಟುತ್ತದೆ. ಒಂದೆರಡು ಚಮಚ ಗ್ಲೂಕೋಸ್ ಸಿರಪ್ ಸೇರಿಸಿದರೆ ಒಳ್ಳೆಯದು. ಕುದಿ ಬಂದ ಮೇಲೆ ಸೌಟು ಆಡಿಸಲೇಬೇಡಿ. ಅಂಚಿಗೆ ಸಿಡಿದ ಪಾಕವನ್ನು ಒದ್ದೆ ಬ್ರಷ್‌ನಿಂದ ಕೆಳಗೆ ಇಳಿಸುತ್ತಿರಿ. ಪರಿಮಳಕ್ಕೆ ರಸಕ್ಕಿಂತ ತುರಿದ ಸಿಪ್ಪೆ ವಾಸಿ, ಅದೂ ಒಲೆ ಆರಿಸಿದ ಮೇಲೆ. ರಸ ಹಾಕಿ ತುಂಬಾ ಹೊತ್ತು ಕುದಿಸಿದರೆ ಅದರ ಹುಳಿಗೆ ಕ್ಯಾಂಡಿ ಅಂಟಂಟಾಗುತ್ತದೆ.

ಉತ್ತರ 2:
ಥರ್ಮಾಮೀಟರ್ ಇದ್ದರೆ ಸುಮಾರು 150 ಡಿಗ್ರಿ ಸೆಲ್ಸಿಯಸ್ ಬಂದಾಗ ಇಳಿಸಿ. ಇಲ್ಲದಿದ್ದರೆ ತಣ್ಣೀರಿಗೆ ಒಂದು ಹನಿ ಬಿಡಿ. ತೆಗೆದು ಮುರಿದರೆ ಟಕ್ ಅನ್ನಬೇಕು. ಬಗ್ಗಿದರೆ ಇನ್ನೂ ಆಗಿಲ್ಲ. ಮಕ್ಕಳನ್ನು ಮಾತ್ರ ಒಲೆ ಹತ್ತಿರ ಬಿಡಬೇಡಿ. ಪಾಕ ಚರ್ಮಕ್ಕೆ ಅಂಟಿಕೊಂಡೇ ಸುಡುತ್ತದೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್! ಮತ್ತೆ ಕರಗಿಸಲು ಇಟ್ಟಿದ್ದೇನೆ, ಪಾಕ ತಿಳಿಯಾಗುತ್ತಿದೆ. ಹೊರಗೆ ಮಳೆ ಹಿಡಿದಿದೆ, ತೊಂದರೆ ಇದೆಯಾ?

ಉತ್ತರ 1:
ಗಾಳಿಯ ತೇವ ಹೀರಿಕೊಂಡು ಜಿಗುಟಾಗುತ್ತದೆ. ಪೂರ್ತಿ ಆರಿದ ಕೂಡಲೇ ಒಂದೊಂದನ್ನೇ ಕಾಗದದಲ್ಲಿ ಸುತ್ತಿ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಫ್ರಿಜ್ ಬೇಡ. ಪಾತ್ರೆಯನ್ನು ಸುಮ್ನೆ ಉಜ್ಜುತ್ತಾ ಕೂರಬೇಡಿ, ನೀರು ತುಂಬಿಸಿ ಕುದಿಸಿದರೆ ತಾನೇ ಬಿಡುತ್ತದೆ.