ಬ್ಯಾಂಕಾಕ್‌ನಾಗ ಒಬ್ಬನೇ, ಮೊದಲ ದಿನ: ರೂಮ್ ಸಿಗೋತನಕ ಹೆಂಗ ತಿರುಗಾಡೋದು?

ಬ್ರಹ್ಮಪುರ ಹುಡುಗ, ಕಲಬುರಗಿ
ನಮಸ್ಕಾರ್ರಿ. ಹೈದರಾಬಾದಿನಿಂದ ರಾತ್ರಿ ವಿಮಾನ, ಮುಂಜಾನೆ 6ಕ್ಕ ಸುವರ್ಣಭೂಮಿ ಏರ್‌ಪೋರ್ಟ್. ಒಬ್ಬನೇ ಹೊಂಟೀನಿ, ಹೊರದೇಶ ಮೊದಲ ಸಲ. ಹೋಟೆಲ್ ಸ್ಯಾಮ್ ಯೋಟ್ ಮೆಟ್ರೋ ಹತ್ರ ಅದ, ರೂಮ್ ಕೊಡೋದು 2ಕ್ಕ. ಅಷ್ಟರೊಳಗ ಅರಮನೆ (ಗ್ರ್ಯಾಂಡ್ ಪ್ಯಾಲೇಸ್), ವಾಟ್ ಫೋ ಗುಡಿ ನೋಡಬೇಕಂತೀನಿ. ಬ್ಯಾಗ್ ಏನ್ ಮಾಡ್ಲಿ? ಟ್ಯಾಕ್ಸಿನೋ ರೈಲೋ? ಪಕ್ಕಾ ಸಸ್ಯಾಹಾರಿ, ಮೊಟ್ಟೆನೂ ತಿನ್ನಂಗಿಲ್ಲ.

ತೊಗರಿ ಕಣಜ, ಕಲಬುರಗಿ
ಬ್ಯಾಗ್ ಮೊದಲು ಇಳಿಸ್ರಿ, ಆಮ್ಯಾಲೆ ಊರು. ರೂಮ್ ತಡ ಆದ್ರೂ ಬ್ಯಾಗ್ ರಿಸೆಪ್ಶನ್‌ನಾಗ ಇಟ್ಕೋತಾರ. ಇವತ್ತೇ ಮೆಸೇಜ್ ಹಾಕಿ ಖಾತ್ರಿ ಮಾಡ್ಕೋರಿ.

ಮುಂಜಾನೆ ಟ್ಯಾಕ್ಸಿ ಬ್ಯಾಡ. ಮೀಟರ್ ಮ್ಯಾಲೆ ಏರ್‌ಪೋರ್ಟಿನ ಶುಲ್ಕ 50 ಬಾತ್ (ಅಲ್ಲಿನ ರೊಕ್ಕ), ಟೋಲ್ ಬೇರೆ, ಆಫೀಸ್ ಹೊತ್ತಿನ ಜಾಮ್ ಬೇರೆ. ಏರ್‌ಪೋರ್ಟಿನ ಕೆಳಗಿನ ಅಂತಸ್ತಿನಿಂದ ಏರ್‌ಪೋರ್ಟ್ ರೈಲ್ ಲಿಂಕ್ ಹಿಡೀರಿ, ಕೊನೀ ಸ್ಟೇಷನ್ ಫಯಾ ಥಾಯ್ ತನಕ ಹೋದ್ರೂ 45 ಬಾತ್. ನೀವು ಅಷ್ಟು ದೂರ ಹೋಗಬ್ಯಾಡ್ರಿ, ಮಕ್ಕಸನ್‌ನಾಗ ಇಳೀರಿ. ಅಲ್ಲಿಂದ ಮೇಲ್ಸೇತುವೆ ದಾಟಿದ್ರೆ ಫೆಟ್ಚಬುರಿ ಮೆಟ್ರೋ. ಅದು ಬ್ಲೂ ಲೈನ್. ಹುವಾ ಲಂಫೋಂಗ್ ಕಡೆ ಹೋಗೋ ಗಾಡಿ ಹತ್ತಿದ್ರೆ ಸ್ಯಾಮ್ ಯೋಟ್ ತನಕ ಗಾಡಿ ಬದಲಿಲ್ಲ. ಅದರ ಮುಂದಿನ ಸ್ಟೇಷನ್ ಸನಮ್ ಚಾಯ್, ಅರಮನೆಗೆ ಅಲ್ಲೇ ಇಳಿಯೋದು.

ಬ್ಲೂ ಲೈನ್ ಗೇಟಿನಾಗ ವೀಸಾ, ಮಾಸ್ಟರ್‌ಕಾರ್ಡ್ ತಟ್ಟಿದ್ರೆ ಸಾಕು. ಆದ್ರ ನಮ್ಮ ಕಾರ್ಡ್ ಅಲ್ಲಿ ಕೈಕೊಡೋದೇ ಇಲ್ಲಿ: ಹೊರದೇಶದ ಬಳಕೆ, ಕಾಂಟ್ಯಾಕ್ಟ್‌ಲೆಸ್ ಎರಡೂ ಬಂದ್ ಇರ್ತಾವ. ಬ್ಯಾಂಕ್ ಆ್ಯಪ್‌ನಾಗ ಎರಡನ್ನೂ ಬೇರೆ ಬೇರೆ ಚಾಲೂ ಮಾಡ್ಬೇಕು. ಓಟಿಪಿ ಬರೋ ಸಿಮ್‌ಗೆ ರೋಮಿಂಗ್‌ನೂ ಊರಾಗ ಇದ್ದಾಗಲೇ ಹಾಕಿಸ್ರಿ.

ಮರೀಬ್ಯಾಡ್ರಿ, ಥಾಯ್ಲೆಂಡ್ ಡಿಜಿಟಲ್ ಅರೈವಲ್ ಕಾರ್ಡ್ 2025ರ ಮೇ 1ರಿಂದ ಕಡ್ಡಾಯ. ಇಳಿಯೋ ದಿನದ ಹಿಂದಿನ 3 ದಿನದೊಳಗ ಆನ್‌ಲೈನ್‌ನಾಗ ತುಂಬಬೇಕು. ಪುಕ್ಕಟೆ. ರೊಕ್ಕ ಕೇಳೋ ವೆಬ್‌ಸೈಟ್ ಅಂದ್ರ ಸರ್ಕಾರದ್ದಲ್ಲ.

ಕೋಟೆ ಬಾಗಿಲು, ಬೀದರ್
ಮ್ಯಾಲಿನವರು ಹೇಳಿದ ದಾರಿ ಸರಿ ಅದ. ಅರಮನೆ 8:30ಕ್ಕ ತೆರೀತದ, ಟಿಕೆಟ್ 500 ಬಾತ್, 3:30ಕ್ಕ ಟಿಕೆಟ್ ಬಂದ್. ಮೊದಲು ಅರಮನೆ, ಆಮ್ಯಾಲೆ ವಾಟ್ ಫೋ (300 ಬಾತ್). ಉಲ್ಟಾ ಮಾಡಿದ್ರೆ 11ರ ಬಿಸಿಲಿನಾಗ ಟೂರ್ ಬಸ್ಸಿನ ಮಂದಿ ನಡುವೆ ಸಿಗ್ತೀರಿ.

ಮೋಸ ಎಲ್ಲಿ ಆಗ್ತದ ಅಂದ್ರ, ಸನಮ್ ಚಾಯ್ ಇರೋದು ಅರಮನೆಯ ದಕ್ಷಿಣಕ್ಕ, ಪ್ರವಾಸಿಗರ ಬಾಗಿಲು ಉತ್ತರಕ್ಕ, ನಾ ಫ್ರಾ ಲಾನ್ ರಸ್ತೆಗೆ. ಉದ್ದಕ್ಕ ಬಿಳಿ ಗೋಡೆ, ನಡುವಿನ ಬಾಗಿಲೆಲ್ಲ ಹಾಕಿರ್ತಾವ. ಅಲ್ಲೇ ಒಬ್ಬ ಇಸ್ತ್ರಿ ಅಂಗಿಯವ ಬಂದು “ಇವತ್ತು ಬಂದ್, ಪೂಜೆ ಅದ, 20 ಬಾತ್‌ಗೆ ಟುಕ್‌ಟುಕ್‌ನಾಗ ಬ್ಯಾರೆ ಗುಡಿ ತೋರಿಸ್ತೀನಿ” ಅಂತಾನ. ಕಡೀಕ ಹರಳಿನ ಅಂಗಡಿಗೆ ಒಯ್ದು ನಿಲ್ಲಿಸ್ತಾನ. ಮಾತು ಬೆಳೆಸದೆ ಗೋಡೆ ಹಿಡಿದು ನಡೀರಿ, ಬಂದ್ ಅದನೋ ಇಲ್ಲೋ ಟಿಕೆಟ್ ಕಿಟಕಿ ಹೇಳ್ಲಿ. ಪ್ರವಾಸಿ ಪೊಲೀಸ್ ನಂಬರ್ 1155.

ಚಡ್ಡಿ, ತೋಳಿಲ್ಲದ ಅಂಗಿ ನಡೆಯಂಗಿಲ್ಲ. ಜೀನ್ಸ್‌ನೂ ಬ್ಯಾಡ, ತೆಳು ಕಾಟನ್ ಪ್ಯಾಂಟ್ ಹಾಕ್ರಿ. ನಮ್ಮದು ಒಣ ಬಿಸಿಲು, ಅಲ್ಲಿ ಬೆವರು ಆರಂಗೇ ಇಲ್ಲ.

ಬ್ರಹ್ಮಪುರ ಹುಡುಗ, ಕಲಬುರಗಿ
ಭಾಳ ಉಪಕಾರ ಆಯ್ತ್ರಿ. ಊಟದ್ದು? ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಕೊಂಡೀನಿ.

ಕೋಟೆ ಬಾಗಿಲು, ಬೀದರ್
ಹಿಂಡಿ ದೊಡ್ಡ ಬ್ಯಾಗಿನಾಗ ಹಾಕ್ರಿ, ಪವರ್ ಬ್ಯಾಂಕ್ ಮಾತ್ರ ಕೈಚೀಲದಾಗೇ ಇರ್ಬೇಕು.

ಅಲ್ಲಿ “ವೆಜಿಟೇರಿಯನ್” ಅಂದ್ರ ಮೊಟ್ಟೆ ಬರ್ತದ, ಮೀನಿನ ಸಾಸ್ ಅಂತೂ ಪಲ್ಯದಾಗೂ ಬೀಳ್ತದ. ನೀವು “ಜೇ” ಅನ್ರಿ. ಹಳದಿ ಪಟ್ಟಿ ಮ್ಯಾಲೆ ಕೆಂಪಕ್ಷರ, ನಮ್ಮ ಕಣ್ಣಿಗೆ 17 ಬರೆದಂಗ ಕಾಣ್ತದ. ಅದರಾಗ ಮಾಂಸ, ಮೀನು, ಮೊಟ್ಟೆ, ಹಾಲು ಇರಂಗಿಲ್ಲ, ಉಳ್ಳಾಗಡ್ಡಿ ಬಳ್ಳೊಳ್ಳಿನೂ ಇಲ್ಲ. ಪಪ್ಪಾಯಿ ಸಲಾಡ್ ನೋಡಿ ಮೋಸ ಹೋಗಬ್ಯಾಡ್ರಿ, ಒಣ ಸಿಗಡಿ ಕುಟ್ಟಿ ಹಾಕಿರ್ತಾರ.

ನಿಮ್ಮ ಹೋಟೆಲಿನಿಂದ ಫಹುರತ್ ನಡೆದೇ ಹೋಗಬಹುದು, ಇಂಡಿಯಾದವರ ಪ್ಯಾಟಿ ಅದು. ಅಲ್ಲಿನ ಗುರುದ್ವಾರದಾಗ ಮುಂಜಾನೆ ಹೊತ್ತು ಲಂಗರ್ (ಪುಕ್ಕಟೆ ಊಟ) ಇರ್ತದ. ನಮ್ಮ ಬೀದರಿನ ನಾನಕ್ ಝೀರಾ ಗುರುದ್ವಾರದಾಗ ಹೆಂಗೋ ಹಂಗೇ, ಚಪ್ಪಲಿ ಹೊರಗ, ತಲಿ ಮ್ಯಾಲೆ ಬಟ್ಟೆ.

ತೊಗರಿ ಕಣಜ, ಕಲಬುರಗಿ
ಎಟಿಎಂ ಬಗ್ಗೆ ಒಂದು ಮಾತು ಬಿಟ್ಟಿದ್ದೆ. ಪ್ರತಿ ಸಲಕ್ಕ 220 ಬಾತ್ ಅಥವಾ ಅದಕ್ಕಿಂತ ಹೆಚ್ಚು ಕಡೀತದ, ಸಣ್ಣ ಸಣ್ಣ ಮೊತ್ತ ತೆಗೀಬ್ಯಾಡ್ರಿ. “ರೂಪಾಯಿಗೆ ಬದಲಿಸ್ಲಾ?” ಅಂತ ಮಷೀನ್ ಕೇಳಿದ್ರ ಬ್ಯಾಡ ಅನ್ರಿ, ಬಾತ್‌ನಾಗೇ ಇರ್ಲಿ, ಅದರ ದರ ಯಾವತ್ತೂ ನಿಮಗ ಲುಕ್ಸಾನೇ.